ಮುಗಿಯುವ ಆಟ, ಮುಗಿಯದ ಆಟ

ಮೊಬೈಲ್ ಆಟದ ಬಗ್ಗೆ ಮೊಮ್ಮಕ್ಕಳು ಕೇಳುವುದು, ‘ಮಜಾ ಇದೆಯಾ?’ ಅಜ್ಜ-ಅಜ್ಜಿಯರು ಕೇಳುವುದು, ‘ಇದು ಮುಗಿಯೋದು ಯಾವಾಗ?’ ಎರಡನೆಯದೇ ಕಷ್ಟದ ಪ್ರಶ್ನೆ. ಈ ವಾರ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆರು ಆಟ ಆಡಿ ನೋಡಿದೆ.

ಟೆಟ್ರಿಸ್: 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ ಮಾಡಿದ ಆಟ. ನಾಲ್ಕು ನಾಲ್ಕು ಚೌಕದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಸಂದಿಯಿಲ್ಲದೆ ಜೋಡಿಸಿದರೆ ಆ ಸಾಲು ಮಾಯ. ಕಪಾಟಿನಲ್ಲಿ ಡಬ್ಬಿ ಜೋಡಿಸಿ ಪಳಗಿದ ಅಜ್ಜಿ ಮೊಮ್ಮಗನನ್ನು ಸೋಲಿಸಿದರೆ ಆಶ್ಚರ್ಯವಿಲ್ಲ. ವೇಗ ಹೆಚ್ಚುತ್ತಾ ಹೋಗುತ್ತದೆ, ಕೊನೆಗೆ ಎಲ್ಲರೂ ಸೋಲುತ್ತಾರೆ. ಸೋತಾಗ ಎದ್ದುಬಿಡಿ.

ಕ್ಯಾಂಡಿ ಕ್ರಷ್: 2012ರದ್ದು. ಮೊಮ್ಮಕ್ಕಳಿಗಿಂತ ಅಜ್ಜಿಯರೇ ಇದನ್ನು ಹೆಚ್ಚು ಆಡುತ್ತಾರೆಂದು ನನ್ನ ಗುಮಾನಿ! ಇರುವುದು ಐದು ಜೀವ. ಹೋದ ಒಂದು ಜೀವ ಮರಳಲು ಅರ್ಧ ಗಂಟೆ. ಕಾಯಲಾರದವರಿಗೆ ಹಣ ಕೊಡುವ ಗುಂಡಿ ಅಲ್ಲೇ ಇದೆ. ಆಟದ ಸಂಪಾದನೆ ನಿಮ್ಮ ಅವಸರದಿಂದಲೇ. ಅಜ್ಜನ ಫೋನಿನಲ್ಲಿ ಹಣ ಪಾವತಿಯ ವ್ಯವಸ್ಥೆ ಇದ್ದರೆ, ಮೊದಲು ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆ ಪಾಸ್‌ವರ್ಡ್ ಮೊಮ್ಮಗಳ ಹುಟ್ಟಿದ ದಿನಾಂಕ ಆಗಿರಬಾರದು, ಅದು ಅವಳಿಗೂ ಗೊತ್ತು.

ಸಬ್‌ವೇ ಸರ್ಫರ್ಸ್: ಓಡು, ಹಾರು, ಸಿಕ್ಕಿಬೀಳು. ಬಸ್ಸಿಗೆ ಕಾಯುವಾಗ ಸರಿ.

ಮೈನ್‌ಕ್ರಾಫ್ಟ್ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. ಸ್ವೀಡನ್ನಿನಲ್ಲಿ ಹುಟ್ಟಿ, 2011ರಲ್ಲಿ ಪೂರ್ಣರೂಪದಲ್ಲಿ ಬಂದ ಆಟ. ಮಣ್ಣು, ಕಲ್ಲು, ಮರ ಎಲ್ಲವೂ ಇಟ್ಟಿಗೆಯಂಥ ತುಂಡುಗಳು, ಅಗೆಯಬೇಕು, ಕಟ್ಟಬೇಕು. ರಾತ್ರಿ ಬರುವ ದೆವ್ವಗಳ ಕಾಟ ಬೇಡವೆಂದರೆ ಕ್ರಿಯೇಟಿವ್ ಮೋಡ್ ಆರಿಸಿ. ಕಟ್ಟುತ್ತಾ ಕೂತರೆ ಮುಗಿಯುವ ಮಾತೇ ಇಲ್ಲ, ತೊಂದರೆ ಅಲ್ಲೇ. ಆದರೆ ಅಲ್ಲಿ ಒಂದು ಹಗಲು, ಒಂದು ರಾತ್ರಿ ಸೇರಿ 20 ನಿಮಿಷ. ‘ಎರಡು ಸಲ ಸೂರ್ಯ ಮುಳುಗುವ ತನಕ’ ಎಂದು ಒಪ್ಪಂದ ಮಾಡಿಕೊಳ್ಳಿ; ಗಡಿಯಾರ ತೋರಿಸಿ ಗದರುವುದಕ್ಕಿಂತ ವಾಸಿ. ಅಜ್ಜಂದಿರೇ, ಏನು ಕಟ್ಟಿದೆ ತೋರಿಸು ಅಂತ ಒಮ್ಮೆ ಕೇಳಿ ನೋಡಿ.

ಲೂಡೊ ಕಿಂಗ್: ಲೂಡೊ ನಮ್ಮ ಪಚ್ಚೀಸಿಯ ಮೊಮ್ಮಗು, ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆಯಿತು. ದೂರದೂರಿನಲ್ಲಿರುವ ಮೊಮ್ಮಕ್ಕಳ ಜೊತೆ ಆಡಲು ಒಳ್ಳೆಯದು. ಒಂದೇ ಮನೆಯಲ್ಲಿದ್ದರೆ ಫೋನ್ ಬದಿಗಿಟ್ಟು ನೆಲದ ಮೇಲೆ ಚೌಕಾಬಾರದ ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ ಸಾಕು.

ಮಾನ್ಯುಮೆಂಟ್ ವ್ಯಾಲಿ, 2014: ಈ ವಾರದ ನನ್ನ ಆಯ್ಕೆ. ಐಡಾ ಎಂಬ ಪುಟ್ಟ ರಾಜಕುಮಾರಿ. ನಾವು ಗೋಪುರ ತಿರುಗಿಸಿದರೆ ಇಲ್ಲದ ದಾರಿ ಕಾಣಿಸಿಕೊಳ್ಳುತ್ತದೆ, ಅವಳು ನಡೆದೇಬಿಡುತ್ತಾಳೆ. ಅವಸರ ಮಾಡುವ ಗಡಿಯಾರವಿಲ್ಲ. ಹತ್ತು ಅಧ್ಯಾಯ, ಆಮೇಲೆ ಕಥೆ ನಿಜವಾಗಿಯೂ ಮುಗಿಯುತ್ತದೆ. ರಾತ್ರಿಗೊಂದರಂತೆ ಆಡಿ. ಫೋನ್ ಅಜ್ಜಿಯ ಕೈಯಲ್ಲಿರಲಿ, ಬೆರಳು ಮೊಮ್ಮಗಳದ್ದು.