ಹಳೇ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ನಿಜವಾಗಿ ಎಷ್ಟು ಬೆಲೆ? ‘ಒಳಗೆ ಚಿನ್ನವಿದೆ’ ಮೆಸೇಜಿನಿಂದ ‘ಐ7’ ಸ್ಟಿಕ್ಕರ್‌ವರೆಗೆ

‘ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಒಳಗೆ ಚಿನ್ನವಿದೆ’ ಎನ್ನುವ ಧಾಟಿಯ ಮೆಸೇಜುಗಳು, ವಿಡಿಯೋಗಳು ಆಗಾಗ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಅದೇ ಗುಂಪುಗಳಲ್ಲಿ ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಇರುತ್ತದೆ: ‘ಐ7 ಕಂಪ್ಯೂಟರ್, 8 ಜಿಬಿ ರ‍್ಯಾಮ್, ಮಾನಿಟರ್ ಸಮೇತ, ಸ್ಟಾಕ್ ಮುಗಿಯುವ ಮೊದಲು ಫೋನ್ ಮಾಡಿ’. ಮೊದಲನೆಯದು ಮಾರುವವರ ಆಸೆ ಹೆಚ್ಚಿಸುತ್ತದೆ, ಎರಡನೆಯದು ಕೊಳ್ಳುವವರ ಆಸೆ. ಎರಡರಲ್ಲೂ ಪೂರ್ತಿ ಸುಳ್ಳಿಲ್ಲ. ತೊಂದರೆ ಇರುವುದೇ ಅಲ್ಲಿ.

ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಳ್ಳಲು ಹೊರಡುವವರು ಯಾರು ಎಂದು ನೋಡಿ. ಮಗಳು ಡಿಪ್ಲೊಮಾ ಸೇರಿರುತ್ತಾಳೆ, ಅಂಗಡಿಗೆ ಬಿಲ್ಲಿಂಗ್ ಶುರು ಮಾಡಬೇಕಿರುತ್ತದೆ, ಊರಿನ ಶಾಲೆಗೆ ಯಾರೋ ಹಳೇ ವಿದ್ಯಾರ್ಥಿಗಳು ನಾಲ್ಕು ಸಿಸ್ಟಂ ಕೊಡಿಸಲು ಚಂದಾ ಎತ್ತಿರುತ್ತಾರೆ. ಇಂಥ ಕಡೆ ಐದು ಸಾವಿರ ರೂಪಾಯಿ ಹೆಚ್ಚು ಕೊಟ್ಟರೆ ಅದು ಸಣ್ಣ ಮೊತ್ತವಲ್ಲ. ಹಾಗಾಗಿ ಹಳೇ ಕಂಪ್ಯೂಟರಿನ ಬೆಲೆ ಯಾವುದರಿಂದ ತೀರ್ಮಾನವಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಚಿನ್ನದ ಲೆಕ್ಕ

ಕಂಪ್ಯೂಟರ್ ಒಳಗೆ ಚಿನ್ನ ಇರುವುದು ನಿಜ. ಮದರ್‌ಬೋರ್ಡ್, ರ‍್ಯಾಮ್, ಪ್ರೊಸೆಸರ್‌ನ ಪಿನ್ನುಗಳ ಮೇಲೆ ತೆಳುವಾದ ಚಿನ್ನದ ಲೇಪನ ಇರುತ್ತದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಅದಕ್ಕಾಗಿ. ಒಂದು ಟನ್ ಕಂಪ್ಯೂಟರ್ ಮದರ್‌ಬೋರ್ಡುಗಳಲ್ಲಿ ಸುಮಾರು 200ರಿಂದ 250 ಗ್ರಾಂ ಚಿನ್ನ ಇರುತ್ತದೆ ಎಂಬುದು ಮರುಬಳಕೆ ಉದ್ಯಮದಲ್ಲಿ ಬಳಕೆಯಲ್ಲಿರುವ ಅಂದಾಜು. ರಾಯಚೂರಿನ ಹಟ್ಟಿಯಂಥ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಹೀಗೆ ಹೋಲಿಸಿದಾಗ ‘ಗಣಿಗಿಂತ ಹೆಚ್ಚು ಚಿನ್ನ’ ಎಂಬ ಸಾಲು ಸರಿಯಾಗಿಯೇ ಇದೆ.

ಆದರೆ ನಿಮ್ಮ ಮನೆಯಲ್ಲಿರುವುದು ಒಂದು ಟನ್ ಬೋರ್ಡಲ್ಲ. ಒಂದು ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಸಾಮಾನ್ಯವಾಗಿ ಒಂದು ಕಿಲೋ ಕೂಡ ತೂಗುವುದಿಲ್ಲ. ಅಂದರೆ ಅದರಲ್ಲಿ ಚಿನ್ನ ಕಾಲು ಗ್ರಾಮಿಗಿಂತ ಕಡಿಮೆ. ಅದನ್ನು ಬಿಡಿಸಲು ನೈಟ್ರಿಕ್ ಆಮ್ಲ, ಹೈಡ್ರೋಕ್ಲೋರಿಕ್ ಆಮ್ಲದಂಥವು ಬೇಕು, ಅದರಿಂದ ಏಳುವ ಹೊಗೆ ಶ್ವಾಸಕೋಶಕ್ಕೆ ವಿಷ, ಉಳಿಯುವ ನೀರಿನಲ್ಲಿ ಸೀಸದಂಥ ಲೋಹಗಳು ಸೇರಿರುತ್ತವೆ. ಯೂಟ್ಯೂಬ್ ನೋಡಿ ಹಿತ್ತಲಲ್ಲಿ ಮಾಡುವ ಕೆಲಸ ಇದಲ್ಲ.

ಟೋಕಿಯೋ ಒಲಿಂಪಿಕ್ಸ್ ಪದಕಗಳನ್ನು ಹಳೇ ಮೊಬೈಲ್, ಕಂಪ್ಯೂಟರುಗಳಿಂದ ಮಾಡಿದರು ಎಂಬ ಸುದ್ದಿಯನ್ನೂ ಇದಕ್ಕೆ ಜೋಡಿಸುವುದುಂಟು. ಅದೂ ನಿಜವೇ. 2017ರಿಂದ 2019ರವರೆಗೆ ಜಪಾನಿನಲ್ಲಿ 78,985 ಟನ್ ಹಳೇ ಎಲೆಕ್ಟ್ರಾನಿಕ್ ಸಾಮಾನು, ಅದರ ಜೊತೆಗೆ ಸುಮಾರು 62 ಲಕ್ಷ ಮೊಬೈಲ್‌ಗಳು ಸಂಗ್ರಹವಾದವು. ಸಿಕ್ಕ ಚಿನ್ನ ಸುಮಾರು 32 ಕಿಲೋ. ಅಷ್ಟೂ ಚಿನ್ನ ಮೊಬೈಲ್‌ಗಳಿಂದಲೇ ಬಂತು ಎಂದಿಟ್ಟುಕೊಂಡರೂ ಒಂದಕ್ಕೆ ಸುಮಾರು 5 ಮಿಲಿಗ್ರಾಂ ಅಷ್ಟೇ. ಗುಜರಿಯವರು ಕಂಪ್ಯೂಟರಿಗೆ ತೂಕದ ಲೆಕ್ಕದಲ್ಲಿ ದುಡ್ಡು ಕೊಡುವುದು ಮೋಸ ಮಾಡಲೆಂದಲ್ಲ, ಒಂದೇ ಕಂಪ್ಯೂಟರಿನ ಮಟ್ಟದಲ್ಲಿ ಚಿನ್ನದ ಲೆಕ್ಕ ನಿಲ್ಲುವುದೇ ಇಲ್ಲ.

(ಹಳೇ ಟಿವಿ, ರೇಡಿಯೋಗಳಲ್ಲಿ ‘ರೆಡ್ ಮರ್ಕ್ಯುರಿ’ ಇದೆ, ಕೋಟಿ ಬೆಲೆ ಎಂಬ ಮಾತು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಚಿನ್ನವಾದರೂ ಚೂರು ಇದೆ, ರೆಡ್ ಮರ್ಕ್ಯುರಿ ಎಂಬ ಪವಾಡದ ವಸ್ತುವೇ ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಸುದ್ದಿ ನಂಬಿ ಜನ ಹಳೇ ಸಿಂಗರ್ ಹೊಲಿಗೆ ಯಂತ್ರಗಳಿಗೆ ಮುಗಿಬಿದ್ದಿದ್ದರು.)

‘ಐ7’ ಎಂದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ

ಈಗ ಎರಡನೇ ಫಾರ್ವರ್ಡಿಗೆ ಬರೋಣ. ಇಂಟೆಲ್ ಕಂಪನಿ ಐ3, ಐ5, ಐ7 ಎಂಬ ಹೆಸರುಗಳನ್ನು ಸುಮಾರು 15 ವರ್ಷ ಹಾಗೇ ಬಳಸಿಕೊಂಡು ಬಂತು. ಆಯಾ ವರ್ಷದ ಪ್ರೊಸೆಸರುಗಳಲ್ಲಿ ಐ7 ದೊಡ್ಡದು, ಐ3 ಚಿಕ್ಕದು ಎಂಬುದಷ್ಟೇ ಅದರ ಅರ್ಥ. ಬೇರೆ ಬೇರೆ ವರ್ಷದವನ್ನು ಹೋಲಿಸಲು ಅದು ಬರುವುದಿಲ್ಲ. 2011ರ ಐ7-2600ಗಿಂತ 2020ರ ಐ3-10100 ಸ್ಪಷ್ಟವಾಗಿ ವೇಗದ್ದು.

ಹಾಗಾಗಿ ನೋಡಬೇಕಾದದ್ದು ಆ ಹೆಸರಿನ ಮುಂದಿರುವ ಪೂರ್ತಿ ಸಂಖ್ಯೆಯನ್ನು. ಕೊನೆಯ ಮೂರು ಅಂಕಿ ಬಿಟ್ಟು ಮುಂದೆ ಉಳಿಯುವುದೇ ‘ಜನರೇಷನ್’. ಐ5-4570 ಎಂದರೆ 4ನೇ ಜನರೇಷನ್, 2013ರದ್ದು. ಐ5-8500 ಎಂದರೆ 8ನೆಯದು, 2018ರದ್ದು. ಐ5-10400 ಎಂದರೆ 10ನೆಯದು. ಐ7-870 ಎಂದು ಮೂರೇ ಅಂಕಿ ಕಂಡರೆ ಅದು ಮೊದಲ ಜನರೇಷನ್, 2009ರ ಕಾಲದ್ದು. ಮಾರುವವರು ‘ಐ7’ ಎಂದಷ್ಟೇ ಬರೆದು ಸಂಖ್ಯೆ ಹೇಳದಿದ್ದರೆ, ಕೇಳಿದರೂ ಮಾತು ತಿರುಗಿಸಿದರೆ, ನಮ್ಮ ಅಭಿಪ್ರಾಯದಲ್ಲಿ ಅಲ್ಲಿಗೇ ಮಾತು ಮುಗಿಸಬಹುದು.

ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಂ ಒತ್ತಿ, ಕೊನೆಯಲ್ಲಿರುವ ಅಬೌಟ್ ತೆರೆದರೆ ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು ಎಂಬುದು ಕಾಣುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಭಾಗ ನೋಡಿದರೆ ಡಿಸ್ಕ್ ಎಸ್‌ಎಸ್‌ಡಿಯೋ ಹಳೇ ಹಾರ್ಡ್ ಡಿಸ್ಕೋ ಎಂದು ತಿಳಿಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ. ದೂರದ ಊರಿನವರಾದರೆ ಆ ಪರದೆಯ ಫೋಟೋ ಕಳಿಸಲು ಕೇಳಿ.

ಹಳೇ ಸಿಸ್ಟಂಗೆ ಎಸ್‌ಎಸ್‌ಡಿ ಹಾಕಿದರೆ ಅದು ಥಟ್ಟನೆ ಆನ್ ಆಗುತ್ತದೆ, ನೋಡಿದವರಿಗೆ ಹೊಸದರಂತೆ ಅನ್ನಿಸುತ್ತದೆ. ಅದು ಒಳ್ಳೆಯ ಸುಧಾರಣೆಯೇ. ಆದರೆ ಬೇಗ ಆನ್ ಆಗುವುದಕ್ಕೂ ಪ್ರೊಸೆಸರ್ ಎಷ್ಟು ಹಳೆಯದು ಎಂಬುದಕ್ಕೂ ಸಂಬಂಧವಿಲ್ಲ.

8ನೇ ಜನರೇಷನ್ ಎಂಬ ಗೆರೆ

ಹಳೇ ಕಂಪ್ಯೂಟರಿನ ಬೆಲೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ ಎಂದುಕೊಳ್ಳುತ್ತೇವೆ. ಈಗಿನ ಮಾರುಕಟ್ಟೆಯಲ್ಲಿ ಒಂದು ಕಡೆ ಅದು ಮೆಟ್ಟಿಲಿನಂತೆ ಒಮ್ಮೆಲೇ ಇಳಿಯುತ್ತದೆ. ಕಾರಣ ವಿಂಡೋಸ್. ಮೈಕ್ರೋಸಾಫ್ಟ್ 14 ಅಕ್ಟೋಬರ್ 2025ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಿರುವುದು, ಕೆಲವು ವಿನಾಯಿತಿ ಬಿಟ್ಟರೆ, ಇಂಟೆಲ್‌ನ 8ನೇ ಜನರೇಷನ್ ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ.

ಇದರಿಂದ ವಿಚಿತ್ರವೊಂದು ಆಗಿದೆ. 2017ರ ಆರಂಭದಲ್ಲಿ ಬಂದ ಐ7-7700, ಅದೇ ವರ್ಷದ ಕೊನೆಗೆ ಬಂದ ಐ3-8100ಗಿಂತ ವೇಗದ್ದು. ಆದರೂ ವಿಂಡೋಸ್ 11ಕ್ಕೆ ಅರ್ಹವಾಗಿರುವುದು ಐ3 ಮಾತ್ರ. ಕಚೇರಿಗಳು, ಕಾಲೇಜುಗಳು ಗೆರೆಯ ಈಚೆಗಿನದನ್ನು ಹೊರಹಾಕುತ್ತಿವೆ, ಹಾಗಾಗಿ ಅವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ರಾಶಿಯಾಗಿ ಬರುತ್ತಿವೆ. ಬೇಡಿಕೆ ಕಡಿಮೆ, ಸರಕು ಹೆಚ್ಚು, ಬೆಲೆ ಇಳಿಯದೆ ಇನ್ನೇನು?

‘ವಿಂಡೋಸ್ 10 ಕಂಪ್ಯೂಟರ್ ಇನ್ನು ಆನ್ ಆಗುವುದಿಲ್ಲ’ ಎಂದು ಯಾರಾದರೂ ಹೆದರಿಸಿದರೆ ಅದು ಸುಳ್ಳು. ಆನ್ ಆಗುತ್ತದೆ, ಕೆಲಸವೂ ಮಾಡುತ್ತದೆ. ನಿಂತಿರುವುದು ಭದ್ರತಾ ಅಪ್‌ಡೇಟುಗಳು, ಅವನ್ನೂ ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ವಿಸ್ತರಿಸುವ ಯೋಜನೆ ಇದೆ. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಕೊಳ್ಳಲು ಸಿದ್ಧರಿರುವವರಿಗೆ ಗೆರೆಯ ಈಚೆಗಿನ ಸಿಸ್ಟಂಗಳೇ ಲಾಭದ ವ್ಯಾಪಾರ. ಮಕ್ಕಳು ಟೈಪಿಂಗ್, ಪ್ರೋಗ್ರಾಮಿಂಗ್ ಕಲಿಯಲು ಅಷ್ಟು ಧಾರಾಳ ಸಾಕು. ಆದರೆ ಟ್ಯಾಲಿಯಂಥ ವಿಂಡೋಸ್ ಸಾಫ್ಟ್‌ವೇರ್ ಬೇಕೇ ಬೇಕು ಎನ್ನುವವರು 8ನೇ ಜನರೇಷನ್‌ಗಿಂತ ಕೆಳಗಿಳಿಯದಿರುವುದು ಒಳ್ಳೆಯದು.

ಕಚೇರಿಯ ಪುಸ್ತಕದಲ್ಲಿ ಸೊನ್ನೆ, ಎಸ್‌ಪಿ ರಸ್ತೆಯಲ್ಲಿ ಅಲ್ಲ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದೇ ಮಾಡೆಲಿನ ಹತ್ತಾರು ಡೆಲ್, ಎಚ್‌ಪಿ, ಲೆನೊವೊ ಸಿಪಿಯುಗಳು ಸಾಲಾಗಿ ಕೂತಿರುವುದನ್ನು ನೋಡಿದವರಿಗೆ ಇವೆಲ್ಲ ಎಲ್ಲಿಂದ ಬಂದವು ಎಂಬ ಅನುಮಾನ ಬರುವುದು ಸಹಜ. ಹೆಚ್ಚಿನವು ಕಂಪನಿಗಳು ಬಳಸಿ, ಲೀಸ್ ಮುಗಿಸಿ ಬಿಟ್ಟವು. ಕಂಪನಿ ಕಾಯ್ದೆಯ ಪ್ರಕಾರ ಡೆಸ್ಕ್‌ಟಾಪಿನ ಉಪಯುಕ್ತ ಆಯುಷ್ಯ 3 ವರ್ಷ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್ ಮೌಲ್ಯ ವರ್ಷಕ್ಕೆ ಶೇ. 40ರಂತೆ ಕಡಿತವಾಗುತ್ತದೆ. 50,000 ರೂಪಾಯಿಯ ಸಿಸ್ಟಂ ಒಂದು ವರ್ಷಕ್ಕೆ 30,000, ಎರಡಕ್ಕೆ 18,000, ಮೂರಕ್ಕೆ 10,800, ಐದಕ್ಕೆ 3,888. ಯಂತ್ರ ಚೆನ್ನಾಗಿ ಓಡುತ್ತಿದ್ದರೂ ಪುಸ್ತಕದಲ್ಲಿ ಅದು ಮುಗಿದ ಕಥೆ, ಹಾಗಾಗಿ ಕಂಪನಿ ಅಗ್ಗಕ್ಕೆ ಬಿಟ್ಟುಬಿಡುತ್ತದೆ. ‘ಇಷ್ಟು ಕಡಿಮೆಗೆ ಕೊಡುತ್ತಾರೆಂದರೆ ಕದ್ದ ಮಾಲೇ ಇರಬೇಕು’ ಎಂಬುದು ಎಲ್ಲ ಸಲವೂ ನಿಜವಲ್ಲ. ಬಿಲ್ ಕೊಡುವವರ ಹತ್ತಿರ ಕೊಂಡರೆ ಆಯಿತು.

ಈ ಕಚೇರಿ ಸಿಸ್ಟಂಗಳು ಗಟ್ಟಿಮುಟ್ಟು. ಒಂದೇ ಕೊರತೆ, ಕೆಲವು ಮಾಡೆಲುಗಳಲ್ಲಿ ಎಸ್‌ಎಂಪಿಎಸ್, ಮದರ್‌ಬೋರ್ಡ್ ಆ ಕಂಪನಿಯದೇ ಅಳತೆಯವು. ಕೆಟ್ಟರೆ ಊರಿನ ರಿಪೇರಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗ ಕೂರುವುದಿಲ್ಲ.

ಹಾಗಾದರೆ ಬೆಲೆ ಕಟ್ಟುವುದು ಹೇಗೆ?

ನೀವು ಅದನ್ನು ಎಷ್ಟಕ್ಕೆ ಕೊಂಡಿರಿ ಎಂಬುದು ಮುಂದಿನವರಿಗೆ ಬೇಡದ ಮಾಹಿತಿ. 2014ರಲ್ಲಿ 45,000 ಕೊಟ್ಟಿದ್ದೆ, ಅರ್ಧವಾದರೂ ಬರಲಿ ಎಂಬ ಲೆಕ್ಕ ನಡೆಯುವುದಿಲ್ಲ. ಕೊಳ್ಳುವವರು ಕೇಳಿಕೊಳ್ಳುವುದು ಒಂದೇ: ಇದೇ ಕೆಲಸ ಮಾಡುವ ಇನ್ನೊಂದು ಸಿಸ್ಟಂ ನನಗೆ ಎಷ್ಟಕ್ಕೆ ಸಿಗುತ್ತದೆ?

ಅದೇ ಪ್ರೊಸೆಸರ್ ಸಂಖ್ಯೆಯ, ಅಷ್ಟೇ ರ‍್ಯಾಮ್ ಇರುವ ಸಿಸ್ಟಂಗೆ ಮೂರ್ನಾಲ್ಕು ರಿಫರ್ಬಿಷ್ಡ್ ಅಂಗಡಿಗಳಲ್ಲಿ ಬೆಲೆ ವಿಚಾರಿಸಿ. ಲೆಕ್ಕಕ್ಕೆ 9,000 ಎಂದಿಟ್ಟುಕೊಳ್ಳಿ. ಆ 9,000ದಲ್ಲಿ ಅಂಗಡಿಯವರ ಬಾಡಿಗೆ, ಶುಚಿ ಮಾಡಿದ ಕೂಲಿ, ಕೆಲವು ತಿಂಗಳ ವಾರಂಟಿ ಎಲ್ಲ ಸೇರಿದೆ. ನೀವು ಮನೆಯಿಂದ ಮಾರುವಾಗ ವಾರಂಟಿ ಇಲ್ಲ, ಹಾಗಾಗಿ ಅಷ್ಟು ಹುಟ್ಟುವುದಿಲ್ಲ. ಅಂಗಡಿಗೇ ಮಾರಿದರೆ ಇನ್ನೂ ಕಡಿಮೆ, ಅವರೂ ಲಾಭ ಇಟ್ಟುಕೊಳ್ಳಬೇಕಲ್ಲ. ಆಮೇಲೆ, ಕೊಂಡವರು ಸಿಸ್ಟಂ ಸರಿಮಾಡಿಕೊಳ್ಳಲು ಏನೇನು ಖರ್ಚು ಮಾಡಬೇಕೋ ಅಷ್ಟನ್ನು ಕಳೆಯಿರಿ: ಎಸ್‌ಎಸ್‌ಡಿ ಇಲ್ಲದಿದ್ದರೆ ಅದರ ಬೆಲೆ, ಫ್ಯಾನ್ ಕಿರುಗುಟ್ಟುತ್ತಿದ್ದರೆ ಅದು. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ ಎಂದರ್ಥ. ಅದು ಅಗ್ಗದ ವಸ್ತು, ಅದನ್ನೇ ಹಿಡಿದು ಸಾವಿರ ರೂಪಾಯಿ ಇಳಿಸುವವರಿಗೆ ಒಪ್ಪಬೇಕಿಲ್ಲ.

ಬಿಡಿಭಾಗಗಳ ಬೆಲೆ ಎಂಬ ತಳವೂ ಒಂದಿದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಏರಿತು. ಸಾಮಾನ್ಯವಾಗಿ 6ನೇ ಜನರೇಷನ್‌ನಿಂದ ಈಚೆಗಿನ ಡೆಸ್ಕ್‌ಟಾಪುಗಳಲ್ಲಿ ಇರುವುದು ಡಿಡಿಆರ್4 ರ‍್ಯಾಮ್. ಮದರ್‌ಬೋರ್ಡ್ ಸತ್ತಿದ್ದರೂ ಅದನ್ನು ಬೇರೆಯಾಗಿ ಮಾರಬಹುದು. ಗುಜರಿಗೆ ತೂಕಕ್ಕೆ ಹಾಕುವ ಮೊದಲು ಇದನ್ನು ಬಿಚ್ಚಿಟ್ಟುಕೊಳ್ಳಿ, ಚಿನ್ನಕ್ಕಿಂತ ಇದು ವಾಸಿ.

ಹಾರ್ಡ್ ಡಿಸ್ಕ್ ವಿಷಯ ಬೇರೆ. ಹಳೇ ಡಿಸ್ಕಿಗೆ ಸಿಗುವುದು ಪುಡಿಗಾಸು, ಅದರೊಳಗಿರುವುದು ಆಧಾರ್, ಪ್ಯಾನ್ ಸ್ಕ್ಯಾನ್, ಅಂಕಪಟ್ಟಿ, ಮನೆಯವರ ಫೋಟೋಗಳು. ಡಿಲೀಟ್ ಒತ್ತಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಅವು ಅಳಿಸಿಹೋಗುವುದಿಲ್ಲ, ಉಚಿತ ಸಾಫ್ಟ್‌ವೇರ್‌ಗಳಿಂದಲೂ ಹಿಂದಕ್ಕೆ ತರಬಹುದು. ವಿಂಡೋಸ್‌ನ ರೀಸೆಟ್ ಆಯ್ಕೆಯಲ್ಲಿ ‘ರಿಮೂವ್ ಎವ್ವೆರಿಥಿಂಗ್’, ಅದರೊಳಗೆ ‘ಕ್ಲೀನ್ ಡೇಟಾ’ ಆನ್ ಮಾಡಿ ಗಂಟೆಗಟ್ಟಲೆ ಓಡಲು ಬಿಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಡಿಸ್ಕ್ ತೆಗೆದಿಟ್ಟುಕೊಂಡು, ಅದಿಲ್ಲದೆ ಮಾರಿ. ನೂರಾರು ರೂಪಾಯಿ ಕಡಿಮೆಯಾದರೂ ಪರವಾಗಿಲ್ಲ.

ಕೊಳ್ಳುವವರು ಸಿಸ್ಟಂ ಅನ್ನು ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು. ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಪೆನ್‌ಡ್ರೈವ್ ಹಾಕಿ, ಒಂದು ವಿಡಿಯೋ ಹಾಕಿ ಬಿಡಿ, ತಾನಾಗಿ ರೀಸ್ಟಾರ್ಟ್ ಆಗುತ್ತದೆಯೇ ಗಮನಿಸಿ.

ಮಾರುವವರು ಹುಷಾರಾಗಿರಬೇಕಾದದ್ದು ಚೌಕಾಸಿ ಮಾಡುವ ಗಿರಾಕಿಯ ಬಗ್ಗೆ ಅಲ್ಲ. ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ ಹತ್ತೇ ನಿಮಿಷಕ್ಕೆ ಫೋನ್ ಬರುತ್ತದೆ. ಸಿಸ್ಟಂ ನೋಡದೆ, ಪ್ರೊಸೆಸರ್ ಯಾವುದೆಂದು ಕೇಳದೆ, ಹೇಳಿದ ಬೆಲೆಗೆ ಒಪ್ಪುತ್ತಾರೆ. ಸೇನೆಯಲ್ಲಿದ್ದೇನೆ, ಬರಲು ಆಗುವುದಿಲ್ಲ, ಹಣ ಹಾಕುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಹಾಕುವುದೂ ಬೇಡ. ಹೋಗಿಯೇಬಿಟ್ಟಿದ್ದರೆ ಸಂಕೋಚ ಪಡದೆ, ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಬೇರೆ ಖಾತೆಗಳಿಗೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.