ಕೊಂಡಿ ಕಡಿದುದೆಲ್ಲಿ?

ಲಿನಕ್ಸ್ ಗಣಕದಲ್ಲಿ ಜಾಲಪುಟದ ಕೊಂಡಿಯೊಂದನ್ನು ಒತ್ತುತ್ತೇವೆ; ತೆರೆಯಬೇಕಾದ ತಂತ್ರಾಂಶ ತೆರೆಯುವುದಿಲ್ಲ. ಆಗ ವಿದ್ಯಾರ್ಥಿಗಳಲ್ಲಿ ಅನೇಕರು ಆ ತಂತ್ರಾಂಶವನ್ನು ಅಳಿಸಿ ಮತ್ತೆ ಸ್ಥಾಪಿಸುತ್ತಾರೆ. ಇಲ್ಲವೆ ಎಲ್ಲಿಯೋ ಕಂಡ ಆಜ್ಞೆಗಳನ್ನು ಅರ್ಥವರಿಯದೆ ನಕಲು ಮಾಡುತ್ತಾರೆ. ಇವೆರಡೂ ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಮಾರ್ಗಗಳಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ವ್ಯವಸ್ಥೆಯನ್ನು ತಿಳಿಯೋಣ. ಯಾವುದೇ ಕೊಂಡಿಯಲ್ಲಿ ಕೋಲನ್ ಚಿಹ್ನೆಗೆ ಮುಂಚೆ ಬರುವ ಪದಕ್ಕೆ 'ಸ್ಕೀಮ್' ಎಂದು ಹೆಸರು. 'ಎಚ್‌ಟಿಟಿಪಿಎಸ್' ಎಂದಿದ್ದರೆ ಬ್ರೌಸರು, 'ಮೇಲ್‌ಟು' ಎಂದಿದ್ದರೆ ಅಂಚೆಯ ತಂತ್ರಾಂಶ ಅದನ್ನು ಸ್ವೀಕರಿಸುತ್ತದೆ. ಗ್ರಂಥಸೂಚಿಗಳನ್ನು ಸಿದ್ಧಪಡಿಸುವ 'ಜೋಟೆರೋ' ತಂತ್ರಾಂಶಕ್ಕೆ ಅದೇ ಹೆಸರಿನ ಸ್ವಂತ ಸ್ಕೀಮ್ ಉಂಟು. ಯಾವ ಸ್ಕೀಮಿಗೆ ಯಾರು ಒಡೆಯರೆಂಬುದನ್ನು ಲಿನಕ್ಸ್ ಸರಳ ಪಠ್ಯಕಡತಗಳಲ್ಲಿ ಬರೆದಿಡುತ್ತದೆ. ತಂತ್ರಾಂಶದ 'ಡೆಸ್ಕ್‌ಟಾಪ್' ಕಡತದಲ್ಲಿ 'ಮೈಮ್‌ಟೈಪ್' ಎಂಬ ಸಾಲು ಅದು ಸ್ವೀಕರಿಸುವ ಸ್ಕೀಮನ್ನೂ, 'ಎಕ್ಸೆಕ್' ಎಂಬ ಸಾಲು ಅದನ್ನು ನಡೆಸುವ ಆಜ್ಞೆಯನ್ನೂ ಹೇಳುತ್ತವೆ. ಬಳಕೆದಾರನ ಆಯ್ಕೆಯಾದರೋ 'ಮೈಮ್‌ಆ್ಯಪ್ಸ್' ಎಂಬ ಪಟ್ಟಿಯಲ್ಲಿರುತ್ತದೆ.

ಇದೊಂದು ಸರಪಳಿ. ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮಾಪಕದ ಮುಳ್ಳು ಅಲುಗದಿದ್ದರೆ ನಾವು ಇಡೀ ಮಂಡಲವನ್ನು ಕಿತ್ತುಹಾಕುವುದಿಲ್ಲವಷ್ಟೆ. ಕೋಶ, ಕೀಲಿ, ಸಂದು ಎಂದು ಒಂದೊಂದನ್ನೇ ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ಕ್ರಮ.

ಬ್ರೌಸರನ್ನು ಬದಿಗಿರಿಸಿ, ಟರ್ಮಿನಲ್‌ನಲ್ಲಿ 'ಎಕ್ಸ್‌ಡಿಜಿ-ಓಪನ್' ಆಜ್ಞೆಗೆ ಆ ಕೊಂಡಿಯನ್ನು ಕೊಡಿರಿ. ತಂತ್ರಾಂಶ ತೆರೆದರೆ ದೋಷ ಬ್ರೌಸರಿನ ಕಡೆಗಿದೆ. ಹಿಂದೆಂದೋ ಅದರಲ್ಲಿ ಮಾಡಿಟ್ಟ ಆಯ್ಕೆಯನ್ನು ನೋಡಿರಿ. ತೆರೆಯದಿದ್ದರೆ, ಆ ಸ್ಕೀಮಿನ ಒಡೆಯನಾರೆಂದು 'ಎಕ್ಸ್‌ಡಿಜಿ-ಮೈಮ್' ಆಜ್ಞೆಯಿಂದ ವಿಚಾರಿಸಿರಿ. ಉತ್ತರ ಬಾರದಿದ್ದರೆ ನೋಂದಣಿಯೇ ಆಗಿಲ್ಲ. ಸರಿಯಾದ ಹೆಸರು ಬಂದರೆ 'ಎಕ್ಸೆಕ್' ಸಾಲನ್ನು ಓದಿರಿ. ತಂತ್ರಾಂಶವನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದ್ದರೆ ಅಲ್ಲಿರುವ ದಾರಿ ಹಳೆಯದಾಗಿರುತ್ತದೆ. ತಂತ್ರಾಂಶ ತೆರೆದರೂ ಕೇಳಿದ ಪುಟ ಬಾರದಿದ್ದರೆ, ಶೇಕಡಾ ಚಿಹ್ನೆಯೂ 'ಯು' ಅಕ್ಷರವೂ ಆ ಸಾಲಿನಲ್ಲಿ ಬಿಟ್ಟುಹೋಗಿರಬಹುದು. ಕೊಂಡಿಯ ವಿಳಾಸ ಬಂದು ಕೂರುವ ಸ್ಥಾನವೇ ಅದು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ ಮತ್ತೆ ಪರೀಕ್ಷಿಸತಕ್ಕದ್ದು.

"ಮರುಸ್ಥಾಪನೆ ಐದು ನಿಮಿಷದ ಕೆಲಸ, ಇಷ್ಟೆಲ್ಲ ಏಕೆ?" ಎಂದು ಕೇಳುವವರುಂಟು. ಮರುಸ್ಥಾಪನೆಯಿಂದ ದೋಷ ಕೆಲವೊಮ್ಮೆ ಹೋಗುವುದು ನಿಜ. ಆದರೆ ಏಕೆ ಹೋಯಿತೆಂಬುದು ತಿಳಿಯದು. ಮುಂದಿನ ಸಲ ಮತ್ತೆ ಅದೇ ಕತ್ತಲೆ. ಅಲ್ಲದೆ, ಬಳಕೆದಾರನ ಪಟ್ಟಿ ತಂತ್ರಾಂಶದಿಂದ ಬೇರೆಯಾಗಿರುವುದರಿಂದ, ಅದರೊಳಗಿನ ತಪ್ಪು ಮರುಸ್ಥಾಪನೆಯ ನಂತರವೂ ಉಳಿಯಬಹುದು. ಅರ್ಥವರಿಯದ ಆಜ್ಞೆಗಳಂತೂ ಅಪಾಯಕರ. ಯಾವ ಅಪರಿಚಿತ ಜಾಲಪುಟವಾದರೂ ಇಂತಹ ಕೊಂಡಿಯನ್ನು ಒಡ್ಡಬಲ್ಲುದು; ಅದು ನಮ್ಮ ಗಣಕದಲ್ಲಿ ಯಾವ ಆಜ್ಞೆಯನ್ನು ನಡೆಸುತ್ತದೆಂಬುದು ನಮಗೆ ತಿಳಿದಿರಲೇಬೇಕು.

ಗಣಕದ ಒಳಗನ್ನು ಮುಚ್ಚಿಡುವ ವ್ಯವಸ್ಥೆಗಳು ಹಲವು. ಲಿನಕ್ಸ್ ಅದನ್ನು ಓದಬಲ್ಲ ಅಕ್ಷರಗಳಲ್ಲಿ ನಮ್ಮ ಮುಂದಿಟ್ಟಿದೆ. ತೆರೆದಿಟ್ಟ ಪುಸ್ತಕವನ್ನು ಓದದೆ ಹೊಸ ಪ್ರತಿಯನ್ನು ತರಿಸುವುದು ವಿದ್ಯಾರ್ಥಿಯ ಲಕ್ಷಣವಲ್ಲ. ಇಂತಹ ದೋಷಶೋಧನೆಯನ್ನು ನಮ್ಮ ಕಾಲೇಜುಗಳು ಪ್ರಯೋಗಪಾಠವಾಗಿ ಕಲಿಸಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಾವೇ ಕಲಿಯಲಿ.