ಮಗುವಿನ ರೋಗಶಯ್ಯೆ, ಹೆತ್ತವರ ವಿಶ್ವಾಸ

2025ರ ಸೆಪ್ಟೆಂಬರ್ 7ರಂದು ರೋಮಾಪುರಿಯಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಕಾರ್ಲೊ ಅಕುಟಿಸ್ ಎಂಬ ಇಟಲಿಯ ಬಾಲಕನನ್ನು ಸಂತರ ಸಾಲಿಗೆ ಸೇರಿಸಿದರು. ಮೇದೋಜೀರಕ ಗ್ರಂಥಿಯ ಹುಟ್ಟುದೋಷದಿಂದ ನರಳುತ್ತಿದ್ದ ಬ್ರೆಜಿಲ್ ದೇಶದ ಮಗುವೊಂದು ಆತನ ಮಧ್ಯಸ್ಥಿಕೆಯಿಂದ ಗುಣವಾಯಿತೆಂದು ಧರ್ಮಸಭೆ ಅಂಗೀಕರಿಸಿದೆ. ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ಆತನ ಮೊರೆಹೋಗುವುದು ಸಹಜ. ಆದರೆ ಆ ಬಾಲಕನೇ 2006ರ ಅಕ್ಟೋಬರ್ 12ರಂದು, ತನ್ನ ಹದಿನೈದನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿಗೆ ಕೆಲವೇ ದಿನಗಳಲ್ಲಿ ತುತ್ತಾದನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆತನ ವಿಶ್ವಾಸ ಸಾಲದಾಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ನಮ್ಮ ನೆರೆಹೊರೆಯ ಹೆತ್ತವರ ವಿಷಯದಲ್ಲಾದರೋ ಆ ಧೈರ್ಯಕ್ಕೆ ಕೊರತೆಯಿಲ್ಲ. ಬಿಡದ ಜ್ವರ, ಬಿಳಿಚಿಕೊಂಡ ಮುಖ, ಕಾರಣವಿಲ್ಲದೆ ಮೈಮೇಲೆ ಏಳುವ ನೀಲಿ ಕಲೆಗಳು, ಮೂಳೆನೋವು. ರಕ್ತಪರೀಕ್ಷೆಯ ಬಳಿಕ ವೈದ್ಯರು ರೋಗದ ಹೆಸರು ಹೇಳುತ್ತಾರೆ. ಅದೇ ಸಂಜೆ ಮನೆಗೆ ಬಂದ ಬಂಧುಗಳಲ್ಲಿ ಒಬ್ಬರಾದರೂ ಕೇಳುತ್ತಾರೆ: ದೋರನಹಳ್ಳಿಯ ಹರಕೆ ತೀರಿಸಿದ್ದಿರಾ? ಮನೆಯಲ್ಲಿ ಜಪಸರ ನಿಂತುಹೋಗಿತ್ತೇ? ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ವಿಚಾರಿಸಿದಾಗ ಪ್ರಭು ಯೇಸು ಎರಡನ್ನೂ ತಳ್ಳಿಹಾಕಿದರೆಂದು ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಆ ವಾಚನವನ್ನು ತಪಸ್ಸುಕಾಲದಲ್ಲಿ ಕೇಳಿ ಬಂದವರೇ ಈ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ.

ಹರಕೆಯನ್ನು ನಾವು ಹಳಿಯುತ್ತಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಪ್ರಧಾನಾಲಯದಲ್ಲಿ ಮಂಡಿಯೂರುವ ತಾಯಿ ದೇವರೊಡನೆ ವ್ಯಾಪಾರ ಮಾಡುತ್ತಿರುವಳೆಂದು ತಿಳಿಯುವುದು ತಪ್ಪು. ಹೊರಲಾರದ ಭಾರವನ್ನು ಇಳಿಸಲು ಅವಳಿಗೊಂದು ಜಗಲಿ ಬೇಕು, ಅಷ್ಟೆ. ಅಪಾಯವಿರುವುದು ಬೇರೆಡೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಆದರೆ ಮೊದಲ ಒಂದೆರಡು ತಿಂಗಳಲ್ಲಿಯೇ ಬಹುಪಾಲು ಮಕ್ಕಳ ರಕ್ತದಲ್ಲಿ ರೋಗದ ಕುರುಹು ಕಾಣದಂತಾಗುತ್ತದೆ. ಮಗು ಉಣ್ಣುತ್ತದೆ, ಅಂಗಳದಲ್ಲಿ ಆಡುತ್ತದೆ. ಹರಕೆ ಫಲಿಸಿತೆಂದು ಮನೆಯವರು ಹಿಗ್ಗುತ್ತಾರೆ. ಸಾಲ ಬೆಳೆದಿರುತ್ತದೆ, ತಂದೆಯ ದಿನಗೂಲಿ ಎಷ್ಟೋ ದಿನಗಳದು ಹೋಗಿರುತ್ತದೆ. ಮುಂದಿನ ಸೂಜಿಮದ್ದಿಗೆ ಹೋಗುವುದು ನಿಂತೇಬಿಡುತ್ತದೆ. ಅಡಗಿದ್ದ ರೋಗ ಮರಳಿದಾಗ ಅದನ್ನು ಮಣಿಸುವುದು ಮೊದಲಿನಷ್ಟು ಸುಲಭವಲ್ಲ. ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆಂದೂ ಬಡದೇಶಗಳಲ್ಲಿ ಈ ಸಂಖ್ಯೆ 30ಕ್ಕಿಂತ ಕೆಳಗಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಅಂತರಕ್ಕೆ ಅದು ಕೊಡುವ ಕಾರಣಗಳಲ್ಲಿ ಚಿಕಿತ್ಸೆಯನ್ನು ನಡುವೆಯೇ ಬಿಡುವುದೂ ಒಂದು. ಹೀಗಿರುವಾಗ ಔಷಧ ನಿಲ್ಲಿಸಿದರೆ ಮಾತ್ರ ನಂಬಿಕೆ ಪೂರ್ಣವಾಗುವುದೆಂದು ಬೋಧಿಸುವವರು, ಯಾವ ಪಂಗಡದವರೇ ಆಗಲಿ, ಮಗುವಿನ ಪ್ರಾಣದೊಡನೆ ಆಡುತ್ತಾರೆ.

ಈ ನಾಡಿನ ಕಥೋಲಿಕರಿಗಂತೂ ವೈದ್ಯ ಮತ್ತು ವಿಶ್ವಾಸಗಳ ನಡುವೆ ಜಗಳ ಹಚ್ಚುವ ಪರಂಪರೆಯಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಅಬ್ಬೆ ದುಬಾಯ್, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’, ಮೈಸೂರು ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸುವ ಕೆಲಸಕ್ಕೆ ನಿಂತರು. ಆಗ ಅದು ಊರವರಿಗೆಲ್ಲ ಹೊಸತು, ಭಯದ ವಸ್ತು. ಪೂಜೆ ಅರ್ಪಿಸಿದ ಕೈಗಳೇ ಆ ಭಯವನ್ನು ಬಿಡಿಸಲು ಮುಂದಾದವು.

ಹಾಗಾದರೆ ನೆರೆಯವರಾದ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಗುಂಪುಗೂಡಿ ಮನೆಗೆ ನುಗ್ಗದಿರುವುದು. ಚಿಕಿತ್ಸೆಯಲ್ಲಿರುವ ಮಗುವಿನ ಬಿಳಿಯ ರಕ್ತಕಣಗಳು ಕುಸಿದಾಗ ಪ್ರಾರ್ಥನೆಗೆಂದು ಬಂದವರ ನೆಗಡಿಯೂ ಅದಕ್ಕೆ ಮಾರಕವಾಗಬಹುದು. ತಲೆಯ ಮೇಲೆ ಕೈಯಿರಿಸಿ ಹರಸುವ ಉತ್ಸಾಹವನ್ನು ಬಾಗಿಲಾಚೆಗೇ ತಡೆದುಕೊಳ್ಳಬೇಕು. ಜೂನ್ 13ರ ದೋರನಹಳ್ಳಿ ಜಾತ್ರೆಯ ನೂಕುನುಗ್ಗಲಿಗೆ ಅಂಥ ಮಗುವನ್ನು ಒಯ್ಯುವುದು ಬೇಡ; ಹರಕೆಯ ಮೇಣದಬತ್ತಿಯನ್ನು ಚಿಕ್ಕಪ್ಪನೇ ಹಚ್ಚಿ ಬರಲಿ. ರಕ್ತ ಕೊಡುವವರು ಬೇಕು. ಪ್ಲೇಟ್‌ಲೆಟ್ ಕಣಗಳನ್ನು ಐದಾರು ದಿನಗಳಿಗಿಂತ ಹೆಚ್ಚು ಕಾಪಿಡಲಾಗದ ಕಾರಣ ದಾನಿಗಳು ಮತ್ತೆ ಮತ್ತೆ ಬೇಕಾಗುತ್ತಾರೆ. ನಮ್ಮ ಯುವಕ ಸಂಘಗಳು ರಕ್ತದ ಗುಂಪಿನೊಡನೆ ಹೆಸರುಗಳ ಪಟ್ಟಿಯೊಂದನ್ನು ಸಿದ್ಧವಿರಿಸಿಕೊಂಡರೆ, ವಾರ್ಷಿಕೋತ್ಸವದ ಬ್ಯಾನರಿಗಿಂತ ಅದು ಮೇಲು.

ಕಾಗದಪತ್ರದ ಕೆಲಸವೂ ಸೇವೆಯೇ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ಪ್ರಯಾಣದರದಲ್ಲಿ ರಿಯಾಯಿತಿಯುಂಟು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಮೈಸೂರಿನಿಂದ ಪದೇ ಪದೇ ಹೋಗಿಬರುವವರಿಗೆ ಅದು ಸಣ್ಣ ಮಾತಲ್ಲ. ಅರ್ಜಿ ತುಂಬಿಸಲು, ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಲು ಆ ತಾಯಿಗೆ ಬಿಡುವೆಲ್ಲಿ? ಯಾಯಿರನ ಮಗಳನ್ನು ಎಬ್ಬಿಸಿದ ಪ್ರಭು ಒಡನೆಯೇ ಅವಳಿಗೆ ಊಟ ಕೊಡಿಸುವಂತೆ ಹೇಳಿದರಂತೆ. ಮನೆಯಲ್ಲಿ ಉಳಿದ ಅಣ್ಣನಿಗೋ ಅಕ್ಕನಿಗೋ ಊಟವಿಕ್ಕಿ ಶಾಲೆಗೆ ಕಳುಹಿಸುವವರು ಯಾರೆಂದು ಕೇಳುವವರೇ ವಿರಳ.

ಇನ್ನೊಂದು ಸಂಗತಿ ಹಲವರಿಗೆ ತಿಳಿದಿರಲಾರದು. ಬುದ್ಧಿ ಬಾರದ ಕೂಸಿಗೆ ಧರ್ಮಸಭೆಯು ರೋಗಿಗಳ ತೈಲಾಭ್ಯಂಗ ಸಂಸ್ಕಾರವನ್ನು ಕೊಡುವುದಿಲ್ಲ. ಗುರುಗಳು ನಿರಾಕರಿಸಿದರೆಂದು ನೊಂದುಕೊಳ್ಳಬೇಕಾಗಿಲ್ಲ. ಆ ಕೂಸಿಗೆ ಕ್ಷಮೆ ಪಡೆಯಬೇಕಾದ ಸ್ವಂತ ಪಾಪವೇ ಇಲ್ಲ. ಆದರೆ ಪ್ರಾಣಾಪಾಯವಿರುವಾಗ ದೃಢೀಕರಣ ಸಂಸ್ಕಾರವನ್ನು ಎಷ್ಟೇ ಎಳೆಯ ಮಗುವಿಗೂ ನೀಡಬಹುದು, ಸಾಮಾನ್ಯ ಗುರುಗಳೇ ನೀಡಬಹುದು. ಕೇಳಿಕೊಳ್ಳಲು ಹೆತ್ತವರಿಗೆ ತಿಳಿದಿರಬೇಕು, ಅಷ್ಟೆ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಉಳಿಯದ ಮನೆಗೆ ಮೊದಲ ವಾರ ಜನಜಂಗುಳಿ. ತಿಂಗಳ ಪೂಜೆಯಾದ ಮೇಲೆ ಒಬ್ಬರೂ ಇಲ್ಲ. ಆ ತಂದೆತಾಯಿ ಕೆಲವು ಭಾನುವಾರ ದೇವಾಲಯಕ್ಕೆ ಬರದಿದ್ದರೆ, ಬಂದರೂ ಹಿಂದಿನ ಬೆಂಚಿನಲ್ಲಿ ಕುಳಿತು ಪ್ರಾರ್ಥನೆಗೆ ತುಟಿಯೇ ಬಿಚ್ಚದಿದ್ದರೆ, ಅವರ ವಿಶ್ವಾಸವನ್ನು ಅಳೆಯಲು ಹೊರಡಬಾರದು. ಮಗುವಿನ ಹುಟ್ಟುಹಬ್ಬದ ದಿನಾಂಕವನ್ನು ಯಾರಾದರೊಬ್ಬರು ಗುರುತಿಟ್ಟುಕೊಂಡು, ಅಂದು ಸಂಜೆ ಆ ಮನೆಯ ಕದ ತಟ್ಟಿದರೆ ಸಾಕು.